ಸವಡಿಯವರು ಬಂದರು

“ಹಾವು ಬಂತು. ಪೊದೆ ಬಿಡಿ,” ಎಂದಿತು ಹಕ್ಕಿಗಳ ಕೂಗನ್ನು ಮನುಷ್ಯರ ಮಾತಿಗಿಳಿಸುವ ಉಲಿವಾಚಕ. ಎದುರಿನ ಪೊದೆಯಿಂದ ಪಿಕಳಾರಗಳು ಎದ್ದು ಹಾರಿದವು. ಸ್ವಲ್ಪ ಹೊತ್ತಿಗೆ ಕೇರೆಹಾವೊಂದು ಸಾವಕಾಶವಾಗಿ ಹೊರಬಂತು. ಚಳಿಗಾಲದ ಹಕ್ಕಿಗಳನ್ನು ನೋಡಲು ಸುಳಿಬೆಟ್ಟದ ರಕ್ಷಿತಾರಣ್ಯಕ್ಕೆ ಬಂದಿದ್ದ ಮಂದಿ ದುರ್ಬೀನು ಕೆಳಗಿಳಿಸಿ, ವಿಜ್ಞಾನಿ ಮೆಹಜಬೀನ್ ಕಿತ್ತೂರರ ಅಂಗೈಯಲ್ಲಿದ್ದ ಯಂತ್ರವನ್ನೇ ನೋಡತೊಡಗಿದರು.

ನೀಲಕಂಠಪ್ಪ ಸವಡಿಯವರಿಗೆ ಮಾತ್ರ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ರೈಲ್ವೆ ಗಾರ್ಡ್ ಕೆಲಸದಿಂದ ನಿವೃತ್ತರಾದಂದಿನಿಂದ ಪ್ರತಿ ಚಳಿಗಾಲವೂ ಅವರಿಗೆ ಇದೇ ಕಾಡು, ಅದೇ ಕೆಂಪು ಉಣ್ಣೆಯ ಟೋಪಿ. ಅವರು ಕಾಡುಗೂಬೆಯಂತೆ ಸಿಳ್ಳೆ ಹಾಕಿದರೆ ಸಾಕು, ಹಗೆಯನ್ನು ಓಡಿಸಲು ಸಣ್ಣ ಹಕ್ಕಿಗಳೆಲ್ಲ ಮುತ್ತಿಕೊಳ್ಳುತ್ತಿದ್ದವು, ಜನ ಕಣ್ತುಂಬ ನೋಡುತ್ತಿದ್ದರು. ಪಕ್ಷಿವೀಕ್ಷಕರ ಹಳೆಯ ಉಪಾಯವದು. ನಿಜವಾದ ಕಾಡುಗೂಬೆಗಳು ಯಾವುದೋ ರೋಗ ತಗುಲಿ ಅಲ್ಲಿಂದ ಅಳಿದುಹೋಗಿ ಎಷ್ಟೋ ವರ್ಷಗಳಾಗಿದ್ದವು.

“ಮೊದಲು ಗೂಬಿ ಅಂತ ಬರ್ತಾವು ತಂಗಿ, ಖರೆ. ಆಮ್ಯಾಲೆ ನನ್ನ ಟೋಪಿ ನೋಡಿ, ಇಂವ ನಮ್ಮಾಂವ ಅಂತ ಗುರ್ತು ಹಿಡೀತಾವು. ನನಗ ಏನಂತಾವು, ನಿನ್ನ ಮಶೀನಿಗೆ ಕೇಳು.”

“ಕಾಕಾ, ಇದಕ್ಕ ಹಕ್ಕಿ ಮನಸ್ಸು ತಿಳಿಯೂದಿಲ್ಲ. ಯಾವ ಉಲಿ ಆದಮ್ಯಾಲೆ ಏನಾತು ಅಂತ ನೂರಾರು ಕಾಡಿನ್ಯಾಗ ನೋಡಿ, ಹೋಲಿಸಿ ಅರ್ಥ ಕಟ್ತದ. ಆಮ್ಯಾಲೆ ಬ್ಯಾಸರ ಮಾಡ್ಕೋಬ್ಯಾಡ್ರಿ.”

ಸವಡಿಯವರು ಸಿಳ್ಳೆ ಹಾಕದೆ, ಸುಮ್ಮನೆ ಬಯಲಿಗೆ ಹೋಗಿ ನಿಂತರು. ಕೊಂಬೆಗಳಲ್ಲಿ ಗದ್ದಲ ಎದ್ದಿತು.

“ಗೂಬೆ ಬಂತು. ಎಲ್ಲರೂ ಬನ್ನಿ, ಓಡಿಸೋಣ,” ಎಂದಿತು ಯಂತ್ರ.

ಯಾರೋ ನಗು ತಡೆದುಕೊಂಡರು. ಹಕ್ಕಿಗಳು ಅವರ ಗುರುತು ಹಿಡಿದಿದ್ದವು ನಿಜ, ಆದರೆ ಗೂಬೆಯೆಂದೇ ಹಿಡಿದಿದ್ದವು. ಸವಡಿಯವರು ಅಂದೇ ಧಾರವಾಡಕ್ಕೆ ಮರಳಿದರು. ಅಲ್ಲಿಯೂ ಕೂರಲಾಗಲಿಲ್ಲ. ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡಿದರು. ಪ್ರೀತಿ ಎಂದುಕೊಂಡದ್ದೆಲ್ಲ ಬೈಗುಳವಾಗಿತ್ತೆಂಬುದು ಅವರಿಗೆ ನುಂಗಲಾರದ ತುತ್ತಾಯಿತು.

ಮೆಹಜಬೀನ್‌ಗೆ ಅಯ್ಯೋ ಅನಿಸಿತು. ವಿಜ್ಞಾನಿ ಮಾಡಬಾರದ ಕೆಲಸವೊಂದನ್ನು ಆಕೆ ಮಾಡಿದಳು. ಸುಳಿಬೆಟ್ಟದ ಮಟ್ಟಿಗೆ ಆ ಉಲಿಯ ಅರ್ಥವನ್ನು ಯಂತ್ರದಲ್ಲಿ ಬದಲಿಸಿ, ‘ಗೂಬೆ’ ಇದ್ದಲ್ಲಿ ‘ಸವಡಿಯವರು’ ಎಂದು ಸೇರಿಸಿದಳು. ಮರುವರ್ಷ, “ಮಶೀನಿನ ತಪ್ಪು ತಿದ್ದೀನಿ ಕಾಕಾ, ಬರ್ರಿ,” ಎಂದು ಪಟ್ಟುಹಿಡಿದು ಅವರನ್ನು ಕರೆಸಿಕೊಂಡಳು.

ಅವರು ಬಂದರು, ಆದರೆ ಕಾಡಿನೊಳಗೆ ಕಾಲಿಡಲಿಲ್ಲ. ಅತಿಥಿಗೃಹದ ಮೆಟ್ಟಿಲ ಮೇಲೆ ಕಾಲು ಕುಣಿಸುತ್ತ ಕುಳಿತರು. ಪಕ್ಕದಲ್ಲಿದ್ದ ಯಂತ್ರ, ಮರಗಳಿಗೆ ಕಟ್ಟಿದ ಧ್ವನಿಗ್ರಾಹಕಗಳಿಂದ ಬಂದ ಉಲಿಗಳನ್ನು ಓದುತ್ತಿತ್ತು.

“ಸವಡಿಯವರು ಬಂದರು. ಎಲ್ಲರೂ ಬನ್ನಿ, ಓಡಿಸೋಣ.”

“ನಾ ಇಲ್ಲೇ ಕುಂತೀನಲ್ಲ ತಂಗಿ?”

ಮೆಹಜಬೀನ್ ಮಾಡಿದ್ದನ್ನೆಲ್ಲ ಒಪ್ಪಿಕೊಂಡಳು. ಹಾಗಾದರೆ ಅಲ್ಲಿ ಬಂದವರು ಯಾರು? ಅವರ ಸಿಟ್ಟು ನೆತ್ತಿಗೇರುವ ಮೊದಲೇ ಇಬ್ಬರೂ ಕಾಡಿಗೆ ಧಾವಿಸಿದ್ದರು.

ಮತ್ತಿಮರದ ಕೊಂಬೆಯಲ್ಲಿ ಗೇಣುದ್ದದ ಕಾಡುಗೂಬೆ ಕಣ್ಣು ಪಿಳುಕಿಸುತ್ತ ಕುಳಿತಿತ್ತು. ಸುತ್ತ ಪಿಕಳಾರ, ನೊಣಹಿಡುಕ, ಸೂರಕ್ಕಿಗಳು ಒಂದೇ ಸಮನೆ ಅದನ್ನು ಬೈಯುತ್ತಿದ್ದವು.

ಮೆಹಜಬೀನ್ ಮೆಲ್ಲಗೆ ಹೇಳಿದಳು: “ಇವು ಹುಟ್ಟಿದಾಗಿಂದ ಇಲ್ಲಿ ಗೂಬೆ ಇಲ್ಲ ಕಾಕಾ. ಹಗೆ ಇಲ್ಲಂದ್ರ ಹಕ್ಕಿ ಅಂಜೂದನ್ನ ಮರೀತಾವು. ಪಕ್ಕದ ಕಾಡಿಗೆ ಗೂಬೆ ಮರಳಿ ಬಂದಾಗ ಅಲ್ಲಿನ ಹಕ್ಕಿ ಸುಮ್ಮನ ಕುಂತು ಅದರ ಬಾಯಿಗೆ ಬಿದ್ವು. ಇವಕ್ಕ ಮಾತ್ರ, ನಿಮ್ಮ ಸಿಳ್ಳೆ ಬಿಟ್ರ, ಯಾರು ಕಲಿಸಿದ್ರು?”

ಸವಡಿಯವರಿಗೆ ಎಂಥದೋ ಸಂತೋಷ, ಅದರ ಬೆನ್ನಿಗೇ ಅಳು.

“ಮಶೀನಿನ ಮಾತು ತಿರುಗಿ ಸರಿ ಮಾಡ್ಲೇನ್ರಿ?”

“ಬ್ಯಾಡ, ಹಂಗ ಇರ್ಲಿ.”

ಯಾರಿಗೂ ಹೇಳದೆ ಚೀಲದಲ್ಲಿ ಹಾಕಿಕೊಂಡು ಬಂದಿದ್ದ ಕೆಂಪು ಟೋಪಿಯನ್ನು ತೆಗೆದು ತಲೆಗಿಟ್ಟು, ಅವರು ಬಯಲಿಗೆ ಬಂದರು. ಅರ್ಧ ಹಿಂಡು ಗೂಬೆಯನ್ನು ಬಿಟ್ಟು ಇತ್ತ ತಿರುಗಿತು.

“ಇನ್ನೊಬ್ಬರು ಸವಡಿಯವರು ಬಂದರು,” ಎಂದಿತು ಯಂತ್ರ. “ಎಲ್ಲರೂ ಬನ್ನಿ, ಓಡಿಸೋಣ.”

ನಿಂತಲ್ಲಿ ನಿಲ್ಲದ ಮನುಷ್ಯ, ಹಕ್ಕಿಗಳು ಬೈದು ದಣಿಯುವ ತನಕ ಅಲುಗಾಡದೆ ನಿಂತಿದ್ದರು.