ಮೂರನೆಯ ಡಬ್ಬಿ

ಅಂಗಡಿಯ ಕಟ್ಟೆಯ ಮುಂದೆ ಬಂದು ನಿಂತವನು ಸೀದಾ ತನ್ನ ಅಂಗೈಯನ್ನು ಅವಳ ಮೂಗಿನ ಮುಂದೆ ಹಿಡಿದ.

“ಇದರ ವಾಸನಿ ಹೆಂಗೈತಿ, ಸ್ವಲ್ಪ ಹೇಳ್ರಿ ಅಕ್ಕಾರ.”

ಗದಿಗೆವ್ವ ಹಿಂದೆ ಸರಿದಳು. ಬೆಟಗೇರಿಯ ಖಾಸಿಂಸಾಬರ ಅತ್ತರಿನ ಅಂಗಡಿಯಲ್ಲಿ ಕೆಲಸಕ್ಕೆ ಕೂತ ಮೇಲೆ ಇಂಥವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಗಂಡ ಸತ್ತ ಹೆಂಗಸು ಅಂಗಡಿಯಲ್ಲಿದ್ದರೆ ಊರಿನ ಕೆಲವು ಗಂಡಸರಿಗೆ ಎಲ್ಲಿಲ್ಲದ ಅತ್ತರಿನ ಚಟ ಹುಟ್ಟುತ್ತದೆ.

“ಯಾಕ್ರಿ, ದೇವರು ನಿಮಗ ಮೂಗು ಕೊಟ್ಟಿಲ್ಲೇನು?”

“ಕೊಟ್ಟಾನ. ಈಗ ಬರೇ ತೋರಿಸಾಕ ಐತಿ. ಕೆಲಸ ಮಾಡೂದಿಲ್ಲ.”

ಅವನು ನಗಲಿಲ್ಲ. ಅದಕ್ಕೇ ಅವಳು ಅವನ ಅಂಗೈ ನೋಡಿದಳು. ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳುವಾದ ಎಸಳುಗಳ, ಒಣಗಿದ ಹಸಿರು ಹೂಗಳು. ಅವನು ಎರಡೂ ಕೈ ಸೇರಿಸಿ ಉಜ್ಜಿದ. ಹಳದಿ ಪುಡಿ ಅಂಗೈಗೆ ಅಂಟಿಕೊಂಡಿತು. ಅವಳು ದೂರದಿಂದಲೇ ಮೂಸಿದಳು, ಆಮೇಲೆ ಹತ್ತಿರ ಬಂದು ಮೂಸಿದಳು.

“ಕಿತ್ತಳಿ ಸಿಪ್ಪಿ ಸುಲದಂಗ ಐತಿ. ಅದರ ಹಿಂದ ಯಾವುದೋ ಹೂ. ಹೆಸರು ಗೊತ್ತಿಲ್ಲ ನನಗ.”

ಅವನ ಕಣ್ಣು ತುಂಬಿ ಬಂತು. ಒಂದು ಹೂವಿನ ವಾಸನೆ ಹೇಳಿದ್ದಕ್ಕೆ ಗಂಡಸೊಬ್ಬ ಅಳುವುದನ್ನು ಗದಿಗೆವ್ವ ನೋಡಿದ್ದು ಅದೇ ಮೊದಲು.

“ಯಾವ ಔಷಧಕ್ಕ ಇದು?”

“ಔಷಧ ಅಲ್ರಿ. ಬಿಯರಿಗೆ ಹಾಕತಾರ. ಹಾಪ್ಸ್ ಅಂತಾರ ಇದಕ್ಕ.”

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಗದಿಗೆವ್ವ ಎದ್ದು ಒಳಗೆ ಹೋದಳು, ಅವನು ಹೋಗುವವರೆಗೂ ಹೊರಗೆ ಬರಲಿಲ್ಲ.

ಅವನ ಹೆಸರು ಹೊಳೆಯಪ್ಪ, ಹೊಳೆದಂಡೆಯ ಹಮ್ಮಿಗಿಯವನು. ಬೆಂಗಳೂರಿನ ಒಂದು ಬಿಯರ್ ಕಾರ್ಖಾನೆಯಲ್ಲಿ ದೊಡ್ಡ ಸಾಹೇಬರ ಬಲಗೈಯಾಗಿದ್ದವನು. ಒಂದು ದಿನ ಕೋಲ್ಡ್ ರೂಮಿನ ಅಮೋನಿಯಾ ಪೈಪು ಒಡೆಯಿತು. ಜೀವ ಉಳಿಯಿತು, ಮೂಗು ಹೋಯಿತು. ಮೂಗಿಲ್ಲದವನಿಗೆ ಅಲ್ಲೇನು ಕೆಲಸ? ಈಗ ಗದಗಿನಲ್ಲಿ ಹತ್ತಿ ಅಂಡಿಗಿ, ಅಂದರೆ ಹತ್ತಿಯ ಮೂಟೆ, ಹೊರುತ್ತಿದ್ದ. “ನಿನ್ನ ಕೈಯಾರೆ ಒಂದು ಒಳ್ಳೆ ಪೇಲ್ ಏಲ್ ಬಿಯರ್ ಮಾಡಿಕೊಂಡು ಬಾ, ಆಗ ನೋಡೋಣ” ಎಂದು ಸಾಹೇಬರು ಕಳಿಸುವಾಗ ಹೇಳಿದ್ದರು, ಮೂರು ಡಬ್ಬಿ ಹಾಪ್ಸನ್ನೂ ಕೊಟ್ಟಿದ್ದರು. ಬಹುಶಃ ಸಮಾಧಾನಕ್ಕೆ ಅಂದ ಮಾತು. ಅದನ್ನೇ ನಂಬಿಕೊಂಡು ಅವನು ದಿನ ದೂಡುತ್ತಿದ್ದ.

ಇದನ್ನೆಲ್ಲ ಕೇಳಿಸಿಕೊಂಡವರು ಖಾಸಿಂಸಾಬರು. ಕೇಳಿ ಗಡ್ಡ ನೀವಿಕೊಂಡರು.

“ನೋಡಪಾ, ಹೂ ಅಂದ್ರ ಅಲ್ಲಾನ ಹೂ. ಅಂಗಡ್ಯಾಗ ಇಡು, ತಂಪಿರತೈತಿ. ಆದ್ರ ನೀ ಮಾಡಿದ ನೀರು ಮಾತ್ರ ಈ ಕಟ್ಟಿ ಹತ್ತಬಾರದು. ಹಿತ್ತಲದಾಗ ಬೇವಿನ ಗಿಡ ಐತಿ, ಅಲ್ಲೆ ಮೂಸ್ರಿ. ಇನ್ನ ಆಕಿ ಮೂಸತಾಳೋ ಇಲ್ಲೋ, ಅದು ಆಕಿ ಮರ್ಜಿ.”

ಅವಳ ಮರ್ಜಿ ಬರಲು ಬಹಳ ದಿನ ಬೇಕಾಯಿತು. ಅವನು ದಿನಾ ಕೆಲಸ ಬಿಟ್ಟ ಮೇಲೆ ಬಂದು ಕಟ್ಟೆಯ ಕೆಳಗೆ ಕೂರುತ್ತಿದ್ದ, ಏನೂ ಕೇಳುತ್ತಿರಲಿಲ್ಲ. ಕೊನೆಗೆ ಅವಳಿಗೇ ತಡೆಯಲಾಗಲಿಲ್ಲ.

“ನನ್ನ ಗಂಡ ಕುಡದು ಸತ್ತ,” ಎಂದಳು. “ಮುಂಡರಗಿ ಕಡೆಯಿಂದ ಯಾರೋ ಬಾಟ್ಲಿ ತಂದಿದ್ರು. ಮುಚ್ಚಳ ತಗದ ಕೂಡಲೇ ನನಗ ಗೊತ್ತಾತು, ಬಾಗಿಲಿಗೆ ಹಚ್ಚೂ ಪಾಲಿಶಿನಂಗ ನಾರ್ತಿತ್ತು. ಕುಡೀಬ್ಯಾಡ್ರಿ ಅಂದೆ. ಹೆಂಗಸಿನ ಮೂಗಿಗೇನು ತಿಳೀತೈತಿ ಅಂತ ನಕ್ಕ. ಮರುದಿನ ಕಣ್ಣು ಹೋದುವು. ಸಂಜೀಕ ಜೀವ ಹೋತು.”

ಹೊಳೆಯಪ್ಪ ತಲೆ ತಗ್ಗಿಸಿ ಕೂತಿದ್ದ.

“ನಾ ಇದ್ದಿದ್ರ ನಿನ್ನ ಮಾತು ಕೇಳತಿದ್ದೆ,” ಎಂದ.

‘ಅಕ್ಕಾರ’ ಹೋಗಿ ‘ನೀನು’ ಬಂದಿತ್ತು. ಅದನ್ನು ಇಬ್ಬರೂ ಗಮನಿಸಿದರು. ಗದಿಗೆವ್ವ ಒಳಗೆ ಹೋಗಿ ಮೂರೂ ಡಬ್ಬಿಗಳನ್ನು ತಂದು ಅವನ ಮುಂದೆ ಇಟ್ಟಳು.

ಮೊದಲನೆಯದರಲ್ಲಿ ಆಗಷ್ಟೇ ಕೊಯ್ದ ಹುಲ್ಲಿನ ವಾಸನೆ. ಎರಡನೆಯದು ಆ ಕಿತ್ತಳೆ. ಮೂರನೆಯದರ ಮುಚ್ಚಳ ತೆರೆದವಳೇ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

“ಥೂ! ಹಳಸಿದ ಬೆಣ್ಣಿ. ಬೆವತ ಅಂಗಿ ವಾರಗಟ್ಲೆ ಮೂಲ್ಯಾಗ ಬಿದ್ದಂಗ ಐತಿ. ಚೆಲ್ಲಿ ಬರ್ರಿ.”

“ಗಾಳಿ ಹೊಕ್ಕೈತಿ ಕಾಣಸ್ತೈತಿ. ಚೆಲ್ಲೂದು ಬ್ಯಾಡ. ಕುದಿಯಾಕ ಹಾಕಿದ್ರ ವಾಸನಿ ಎಲ್ಲಾ ಹೋಗಿ ಬರೇ ಕಹಿ ಉಳೀತೈತಿ. ಕಹಿನೂ ಬೇಕಲ್ಲ. ವಾಸನಿಗೆ ಹಾಕೂ ಹೂ ಬ್ಯಾರೆ. ಅದನ್ನ ಒಲಿ ಆರಿಸಿದ ಮ್ಯಾಲೆ ಹಾಕಬೇಕು, ಕಡೀಕ ಒಂದು ಗಂಟು ಕಟ್ಟಿ ತಣ್ಣಗಿನ ಬಿಯರಿನಾಗ ಇಳಿಬಿಡಬೇಕು.”

“ನಮ್ಮ ಖಾಸಿಂ ಚಾಚಾನೂ ಹಂಗ ಅಂತಾರ. ಮಲ್ಲಿಗಿಗೆ ಬೆಂಕಿ ತೋರಿಸಬಾರದು ಅಂತ.”

“ಅಂದ್ರ ಅರ್ಧ ಕೆಲಸ ನಿನಗ ಬರತೈತಿ.”

ಎಪ್ಪತ್ತೆಂಟರ ಆ ಚಳಿಗಾಲವೆಲ್ಲ ಹೀಗೇ ಕಳೆಯಿತು. ಅವನು ತನ್ನ ಬಾಡಿಗೆ ಕೋಣೆಯಲ್ಲಿ ಜವೆಗೋಧಿ ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ, ಕಳ್ಳನಂತೆ ಬಾಗಿಲು ಹಾಕಿಕೊಂಡು ಕುದಿಸುತ್ತಿದ್ದ. ಗಂಟು ಕಟ್ಟುವುದು ಅವಳ ಕೆಲಸ. ತೆಳು ಮಲ್ಮಲ್ ಬಟ್ಟೆಯಲ್ಲಿ ಹೂ ತುಂಬಿ, ದಾರ ಬಿಗಿದು ಕೊಡುತ್ತಿದ್ದಳು. ತಯಾರಾದ ಬಿಯರನ್ನು ಅವನು ಹಿತ್ತಲಿಗೆ ತರುತ್ತಿದ್ದ. ಅವಳು ಒಂದು ಹನಿಯನ್ನೂ ತುಟಿಗೆ ಮುಟ್ಟಿಸಲಿಲ್ಲ, ಮೂಸಿ ಹೇಳುತ್ತಿದ್ದಳು. ಮೊದಲ ಸಲದ್ದು ಕೊಟ್ಟಿಗೆಯ ಹುಲ್ಲು ಎಂದಳು. ಎರಡನೆಯ ಸಲ, ಅತ್ತರಿನ ಬಾಟಲಿ ಕೈ ಜಾರಿ ಬಿದ್ದಂಗ ಐತಿ ಎಂದು ನಕ್ಕಳು.

ಅವಳು ಮೂಸುವಾಗ ಅವನು ಲೋಟ ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ. ಮೂಗಿನ ಹೊಳ್ಳೆ ಅರಳುವುದು, ಹುಬ್ಬು ಗಂಟಾಗುವುದು, ರೆಪ್ಪೆ ನಿಧಾನವಾಗಿ ಮುಚ್ಚಿಕೊಳ್ಳುವುದು.

“ಏನ್ ಹಂಗ ನೋಡತೀರಿ?”

“ನನಗ ವಾಸನಿ ನಿನ್ನ ಮಾರಿಮ್ಯಾಲೆ ಕಾಣತೈತಿ. ಬಾಯಿಲೆ ಹೇಳೂದಕ್ಕಿಂತ ಮೊದಲ ಗೊತ್ತಾಗತೈತಿ.”

“ನಿಮ್ಮ ವಾಸನಿ ಹೆಂಗೈತಿ ಅಂತ ಗೊತ್ತೇನು? ಹತ್ತಿ ಅಂಡಿಗಿ. ಅದೂ ತೊಯ್ದ ಅಂಡಿಗಿ.”

“ಅದಕ್ಕ ದೂರ ಕೂತಿಯೇನು?”

ಅವಳು ದೂರ ಕೂತಿರಲಿಲ್ಲ. ಆ ಹೊತ್ತಿಗೆ ಊರೂ ಅದನ್ನು ನೋಡಿತ್ತು, ಆಡಿಕೊಂಡೂ ಆಗಿತ್ತು. ಗದಿಗೆವ್ವ ಮಾತ್ರ ಹಾಸಿಗೆಗೆ ಹೋದರೂ ತೊಯ್ದ ಹತ್ತಿಯ ವಾಸನೆಯನ್ನೇ ನೆನೆಯುತ್ತಿದ್ದಳು.

ಸಾಹೇಬರಿಗೆ ಒಯ್ಯುವ ಬಿಯರಿಗೆ ಗಂಟು ಕಟ್ಟುವ ಮುನ್ನಾದಿನ ಅವನು ಕೇಳಿಯೇಬಿಟ್ಟ. “ನೌಕರಿ ಸಿಗಲಿ. ಉಡಿಕಿ ಮಾಡ್ಕೊಂಡು ಕರಕೊಂಡು ಹೋಗತೀನಿ. ಬರ್ತಿಯಲ್ಲ?” ಗಂಡ ಸತ್ತವಳನ್ನು ಉಡಿಕೆಯಲ್ಲಿ ಮರುಮದುವೆಯಾಗುವುದು ಅವರ ಜನರಲ್ಲಿ ನಡೆದು ಬಂದದ್ದೇ, ಯಾರೂ ಬೇಡ ಎನ್ನುತ್ತಿರಲಿಲ್ಲ.

“ನಿಮಗ ನಾ ಬೇಕೋ, ನನ್ನ ಮೂಗು ಬೇಕೋ?”

“ಮೂಗು ಇಲ್ಲೇ ಬಿಟ್ಟು ನೀ ಒಬ್ಬಾಕೀನ ಹೆಂಗ ಬರ್ತೀ?” ಎಂದು ಅವನು ಜೋರಾಗಿ ನಕ್ಕ.

ಚೇಷ್ಟೆಗೆ ಅಂದದ್ದು. ಆದರೆ ಅದು ಅವಳೊಳಗೆ ಮುಳ್ಳು ಮುರಿದಂತೆ ಉಳಿಯಿತು. ಮದುವೆಯಾಗಿ ಹೋದರೆ ಜೀವಮಾನವಿಡೀ ಕುಡಿಯುವ ಜನಕ್ಕಾಗಿ ಮೂಸುತ್ತ ಕೂರಬೇಕು. ಗಂಡನ ಬಾಯಿಂದ ಬಂದ ಆ ಕೊನೆಯ ವಾಸನೆ ದಿನಾ ನೆನಪಾಗಬೇಕು. ಬರುವುದಿಲ್ಲ ಎಂದರೆ ಅವನು ಹೋಗುತ್ತಾನೆ, ಅಲ್ಲಿ ಇನ್ನೊಂದು ಮೂಗು ಸಿಗುತ್ತದೆ. ನೌಕರಿ ಸಿಗದಿದ್ದರೆ? ಇಲ್ಲೇ ಉಳಿಯುತ್ತಾನೆ. ಅಂಡಿಗಿ ಹೊರುತ್ತಾನೆ, ಸಂಜೆ ಕಟ್ಟೆಗೆ ಬರುತ್ತಾನೆ.

ಮರುದಿನ ಗಂಟು ಕಟ್ಟುವಾಗ ಅವಳು ಎರಡನೆಯ ಡಬ್ಬಿಯನ್ನು ತೆರೆದು, ಮತ್ತೆ ಮುಚ್ಚಿದಳು. ಮೂರನೆಯದರಿಂದ ಹೂ ತೆಗೆದು ಬಟ್ಟೆಯಲ್ಲಿ ತುಂಬಿದಳು. ಎಂದಿನಂತೆಯೇ ದಾರ ಬಿಗಿದು ಅವನ ಕೈಗೆ ಕೊಟ್ಟಳು.

ಗಂಟು ಬಿಯರಿನಲ್ಲಿ ನೆನೆದು, ಬಾಟಲಿಗೆ ತುಂಬುವ ದಿನ ಬಂತು. ಬೇವಿನ ಗಿಡದ ಕೆಳಗೆ ಅವನು ಲೋಟ ನೀಡಿದ. ಬಣ್ಣ ಎಳೆ ಬಿಸಿಲಿನದು. ವಾಸನೆ ಹಳಸಿದ ಬೆಣ್ಣೆಯದು. ಗದಿಗೆವ್ವ ಲೋಟದಿಂದ ಕಣ್ಣೆತ್ತಿ ಅವನನ್ನೇ ನೋಡುತ್ತ ನಕ್ಕಳು. ಆ ನಗು ಸುಳ್ಳಾಗಿರಲಿಲ್ಲ, ಅವನನ್ನು ನೋಡಿದರೆ ಅವಳಿಗೆ ನಗು ಬರುತ್ತಿತ್ತು. ಆದರೆ ಅವನು ಅದನ್ನು ಬಿಯರಿನ ಲೆಕ್ಕಕ್ಕೆ ಹಿಡಿದ.

“ಛಲೋ ಐತಿ?”

“ಭಾಳ ಛಲೋ ಐತಿ.”

ಅವನು ಹೊರಡುವ ದಿನ ಅವಳು ಸ್ಟೇಷನ್ನಿಗೆ ಹೋದಳು. ಹುಬ್ಬಳ್ಳಿ ಗಾಡಿ ಹೊಗೆ ಬಿಡುತ್ತ ನಿಂತಿತ್ತು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಹುಲ್ಲು ಸುತ್ತಿದ ಬಾಟಲಿಗಳ ಚೀಲವನ್ನು ಕೂಸಿನಂತೆ ಎದೆಗೆ ಹಿಡಿದಿದ್ದ.

“ಸಾಹೇಬ್ರಿಗೆ ಏನಂತೀನಿ ಗೊತ್ತೇನು? ಇದರ ವಾಸನಿ ನನಗ ಗೊತ್ತಿಲ್ರಿ ಅಂತೀನಿ. ಸುಳ್ಳು ಹೇಳೂದು ಬ್ಯಾಡ. ಬೆಟಗೇರಿ ಗದಿಗೆವ್ವ ಛಲೋ ಐತಿ ಅಂದಾಳ, ನನಗ ಅಷ್ಟು ಸಾಕು ಅಂತೀನಿ.”

ಲೋಕದಲ್ಲಿ ತನ್ನ ಮಾತನ್ನು ನಂಬಿದ ಒಬ್ಬನೇ ಗಂಡಸು ಇವನು. ಇವನನ್ನು ನಾಲ್ಕು ಜನರ ಮುಂದೆ ನಗೆಗೀಡು ಮಾಡಲು ಹೊರಟಿದ್ದಾಳೆ.

“ಅವನ್ನ ಒಯ್ಯಬ್ಯಾಡ್ರಿ.”

“ಯಾಕ?”

“ಗಂಟಿನಾಗ ಮೂರನೇ ಡಬ್ಬಿ ಹೂ ಹಾಕೀನಿ. ಹಳಸಿದ್ದು. ಗೊತ್ತಿದ್ದ ಹಾಕೀನಿ.”

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಚೀಲ ಕೆಳಗಿಟ್ಟು, ಒಂದು ಬಾಟಲಿಯ ಬಿರಡೆ ಕಿತ್ತು, ಹಳೆಯ ರೂಢಿಯಂತೆ ಮೂಗಿಗೆ ಹಿಡಿದ. ಏನೂ ತಿಳಿಯಲಿಲ್ಲ. ಅವಳ ಮುಖ ನೋಡಿದ. ಅವಳು ಅಳುತ್ತಿದ್ದಳು.

“ನೀವು ಹೋಗ್ತೀರಿ ಅಂತ ಹಂಗ ಮಾಡಿದೆ. ನೌಕರಿ ಸಿಗದಿದ್ರ ಇಲ್ಲೇ ಇರ್ತೀರಿ ಅಂತ.”

“ಹೋಗಬ್ಯಾಡ ಅಂತ ಒಂದ ಮಾತು ಅಂದಿದ್ರ ನಾ ಹೋಗತಿರಲಿಲ್ಲಲ್ಲ, ಹುಚ್ಚಿ.”

ಇಷ್ಟೇ ಇತ್ತು. ಒಂದು ಮಾತು. ಅವಳಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

“ಈಗ ಅಂತೀನಿ. ಹೋಗಬ್ಯಾಡ್ರಿ. ನಿಮ್ಮ ಮ್ಯಾಲೆ ಜೀವ ಇಟ್ಟೀನಿ.”

ಅವನು ಕೈ ಎತ್ತಿ ಅವಳ ಕಣ್ಣೀರು ಒರೆಸಿದ. ಮೊದಲ ಸಲ ಮುಟ್ಟಿದ್ದು ಅದು, ಅದೂ ಸಾವಿರ ಜನ ಓಡಾಡುವ ಪ್ಲಾಟ್‌ಫಾರ್ಮಿನಲ್ಲಿ.

“ನನಗೂ ನಿನ್ನ ಮ್ಯಾಲೆ ಜೀವ ಐತಿ. ಅದಕ್ಕ ಹೇಳತೀನಿ ಕೇಳು. ಯಾವುದು ಹಳಸೈತಿ, ಯಾವುದು ತಾಜಾ ಐತಿ ತಿಳಕೊಳ್ಳಾಕ ನನಗ ನಿನ್ನ ಮಾರಿ ಒಂದ ಇತ್ತು. ಅದು ನಕ್ಕರ ಛಲೋ ಅಂತ ನಂಬಿದ್ದೆ. ಇನ್ನ ಮ್ಯಾಲೆ ನೀ ನಕ್ಕಾಗೆಲ್ಲಾ ನಾ ಏನ್ ತಿಳಕೊಳ್ಳಲಿ?”

ಅವನು ಬಾಟಲಿಗಳನ್ನು ಒಂದೊಂದಾಗಿ ಹಳಿಯ ಮೇಲೆ ಸುರಿದ. ನೊರೆ ಉಕ್ಕಿ ಜಲ್ಲಿಕಲ್ಲಿನೊಳಗೆ ಇಳಿಯಿತು. ಆ ಕೆಟ್ಟ ವಾಸನೆ ಸುತ್ತ ಹರಡಿ ಕೂಲಿಗಳೂ ಮೂಗು ಮುಚ್ಚಿಕೊಂಡರು. ಅವನೊಬ್ಬನೇ ಆರಾಮಾಗಿ ನಿಂತಿದ್ದ.

“ಬರಿಗೈಲೆ ಎಲ್ಲಿ ಹೊಂಟೀರಿ?”

“ಸಾಹೇಬ್ರ ಕಡೆ. ಮೂಗಿಲ್ಲ, ಬಾಟ್ಲಿ ತೊಳಿಯಾಕರ ಇಟ್ಕೊಳ್ರಿ ಅಂತೀನಿ. ನೀ ಬಿಸಲಾಗ ನಿಂತೀ, ನೆಳ್ಳಿಗೆ ಸರಿ.”

ಗಾಡಿ ಅಲುಗಾಡಿತು. ಅವನು ಹತ್ತಿ ಬಾಗಿಲಲ್ಲಿ ನಿಂತ. ಗದಿಗೆವ್ವ ನೆರಳಿಗೆ ಸರಿಯಲಿಲ್ಲ, ಗಾಡಿಯ ಜೊತೆ ನಡೆದಳು, ಆಮೇಲೆ ಓಡಿದಳು.

“ಹೊಳೆಯಪ್ಪಾ! ಖರೆ ಹೇಳತೀನಿ, ಇಳೀರಿ!”

ಅವನ ಹೆಸರನ್ನು ಅವಳು ಬಾಯಿಬಿಟ್ಟು ಕರೆದದ್ದು ಅದೇ ಮೊದಲು. ಅವನು ತಿರುಗಿ ಅವಳ ಮುಖವನ್ನು ನೋಡಿದ. ಹಿತ್ತಲಿನಲ್ಲಿ ನೋಡುತ್ತಿದ್ದ ಹಾಗೆಯೇ, ಕಣ್ಣು ಕದಲಿಸದೆ, ಪ್ಲಾಟ್‌ಫಾರ್ಮು ಮುಗಿಯುವವರೆಗೂ ನೋಡಿದ. ಈಗ ಆ ಮುಖದಲ್ಲಿ ಇದ್ದದ್ದೆಲ್ಲ ನಿಜವೇ ಆಗಿತ್ತು. ಅವನು ಇಳಿಯಲಿಲ್ಲ.