ಮಮ್ಮಿಯ ಕುರಡಗಿ ಪಾಳಿ

"ಛೀ, ಏನ್ ಹುಳಿ ವಾಸನಿ! ಮಮ್ಮಿ, ಇದನ್ನ ಚೆಲ್ಲಿಬಿಡು," ಎಂದು ರುಚಿತಾ ಮೂಗು ಹಿಡಿದುಕೊಂಡಳು.

ಮಮ್ಮಿ ಪಾತೇಲಿಯಲ್ಲಿ ಮೇಲೆ ನಿಂತಿದ್ದ ಹಳದಿ ನೀರನ್ನು ಮೆಲ್ಲಗೆ ಬಗ್ಗಿಸುತ್ತಿದ್ದಳು. ತಳದಲ್ಲಿ ಗೋಧಿಯ ಹಾಲು ಬೆಳ್ಳಗೆ, ಗಟ್ಟಿಯಾಗಿ ಕೂತಿತ್ತು.

"ಚೆಲ್ಲಲಾಕ ಇದೇನ್ ನಳದ ನೀರೇನು? ರುಬ್ಬಿ ಸೋಸಿ ನನ್ನ ಕೈ ಬಿದ್ದಾವ. ಸುಮ್ಮ ಸೋರ್ಯಾ ತಗೊಂಡು ಮ್ಯಾಲ ನಡಿ."

ಸೋರ್ಯಾ ಎಂದರೆ ಕುರಡಗಿ ಎಂಬ ಗೋಧಿ ಹಾಲಿನ ಸಂಡಿಗೆ ಒತ್ತುವ ಹಿತ್ತಾಳೆಯ ಒರಳು. ರುಚಿತಾ ಅದನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ನಾಸಿಕದ ಪಂಚವಟಿಯ ಆ ಓಣಿಯಲ್ಲಿ ಬೇಸಿಗೆ ಬಂತೆಂದರೆ ಹೆಂಗಸರು ಪಾಳಿ ಹಚ್ಚುತ್ತಿದ್ದರು. ಇವತ್ತು ಒಬ್ಬರ ಮಾಳಿಗೆ, ನಾಳೆ ಇನ್ನೊಬ್ಬರದು. ಎಲ್ಲರೂ ಸೇರಿ ಕುರಡಗಿ ಒತ್ತಿ ಬಿಸಿಲಿಗೆ ಹಾಕುವುದು. ಮಮ್ಮಿ ಎಲ್ಲರ ಮನೆಗೂ ಹೋಗುತ್ತಿದ್ದಳು. ಅವಳ ಪಾಳಿ ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಅವರಿಗಿದ್ದದ್ದು ಒಂದೇ ಖೋಲಿ. ಹೋದ ದೀಪಾವಳಿಗೆ ಮಾಳಿಗೆ ಇರುವ ಈ ಮನೆಗೆ ಬಂದರು. "ಈ ವರ್ಷ ಮೊದಲ ಪಾಳಿ ನಂದು," ಎಂದು ಮಮ್ಮಿ ಓಣಿಗೆಲ್ಲ ಹೇಳಿ ಬಂದಿದ್ದಳು. ಹೊಸ ಕಪ್ಪು-ಬಶಿ ತಂದಿದ್ದಳು. ಡಬ್ಬಿ ತುಂಬ ಚೂಡಾ ಮಾಡಿಟ್ಟಿದ್ದಳು.

ಯುಗಾದಿಯ ಹಿಂದಿನ ರಾತ್ರಿ ಟಿವಿಯಲ್ಲಿ ಲಾಕ್‌ಡೌನ್ ಎಂದರು. ಕೊರೊನಾ ಬಂದಿದೆ, ಯಾರೂ ಯಾರ ಮನೆಗೂ ಹೋಗಬಾರದು. ಅಷ್ಟೊತ್ತಿಗೆ ಗೋಧಿ ನೆನೆದು ಕೂತಿತ್ತು.

ಮಾಳಿಗೆಯ ಮೇಲೆ ಇಟ್ಟಂಗಿಯ ಒಲೆ ಹೊತ್ತಿಸಿ ಮಮ್ಮಿ ನೀರು ಕಾಯಲು ಇಟ್ಟಳು. ಹಾಸಿದ ಪ್ಲಾಸ್ಟಿಕ್ ಹಾಳೆ ಇಬ್ಬರಿಗೆ ಬಹಳ ದೊಡ್ಡದಾಗಿ ಕಂಡಿತು.

ಓಣಿ ಎಷ್ಟು ಕಿರಿದು ಎಂದರೆ, ಎದುರು ಮಾಳಿಗೆಯಲ್ಲಿ ಕೆಮ್ಮಿದರೂ ಕೇಳಿಸುತ್ತದೆ. ಅಲ್ಲಿ ನೀರಿನ ಟಾಕಿಯ ನೆರಳಿಗೆ ಕುರ್ಚಿ ಹಾಕಿಕೊಂಡು ಶಾಂತಾಬಾಯಿ ಕೂತಿದ್ದರು. ಉದಗೀರದ ಕಡೆಯ ಅಜ್ಜಿ, ಅವರ ಕನ್ನಡದಲ್ಲಿ ಅರ್ಧ ಮರಾಠಿ. ಪ್ರತಿ ವರ್ಷ ಕುರಡಗಿಯ ಯಜಮಾನಿಕೆ ಅವರದೇ. ಅವರ ದನಿ ಓಣಿಯ ತುದಿಗೂ ಕೇಳುತ್ತಿತ್ತು. ಈಗ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು, ಖಾಲಿ ಓಣಿಯನ್ನು ನೋಡುತ್ತ ಸುಮ್ಮನೆ ಕೂತಿದ್ದರು.

ಪಕ್ಕದಲ್ಲಿ ಅವರ ಮೊಮ್ಮಗಳು ಅನ್ವಿತಾ ಇದ್ದಳು. ರುಚಿತಾ ತಟ್ಟನೆ ಮುಖ ತಿರುಗಿಸಿದಳು. ಅನ್ವಿತಾಗೆ ಉಲ್ಟಾ ಸ್ಕಿಪ್ಪಿಂಗ್ ಕಲಿಸಿದವಳೇ ರುಚಿತಾ. ಆದರೂ ಶಾಲೆಯ ಕೊನೆಯ ದಿನ ಅನ್ವಿತಾ ಅವಳಿಗೆ ಹಗ್ಗ ಕೊಡಲಿಲ್ಲ. "ಹೋಗ್, ಕಟ್ಟಿ!" ಎಂದಿದ್ದಳು ರುಚಿತಾ. ಕಟ್ಟಿ ಅಂದರೆ ಮಾತು ಬಂದ್. ಆಮೇಲೆ ಶಾಲೆಯೇ ಬಂದ್ ಆಯಿತು.

ಗೋಧಿ ಹಾಲು ಕುದಿದು ಗಟ್ಟಿಯಾಯಿತು. "ನೋಡು, ಕೈ ಒದ್ದಿ ಮಾಡ್ಕೊಂಡು ಮುಟ್ಟಬೇಕು," ಎಂದಳು ಮಮ್ಮಿ. "ಅಂಟಲಿಲ್ಲ ಅಂದ್ರ ಬೆಂದದ ಅಂತ." ಮುಟ್ಟಿದಳು. ಅಂಟಲಿಲ್ಲ.

ಸೌಟು ಹಿಡಿದೇ ಮಮ್ಮಿ ಎದುರಿನ ಮಾಳಿಗೆಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕೂಗಿದಳು.

"ಶಾಂತಾಬಾಯಿ! ಜರಾ ಇಲ್ಲಿ ನೋಡ್ರಿ. ಇದು ಬೆಂದದೋ ಇಲ್ಲೋ ನನಗ ತಿಳಿವಲ್ದು!"

"ಮಮ್ಮಿ, ಈಗಷ್ಟೇ ನೀನೇ..."

ಮಮ್ಮಿಯ ಕಾಲು ರುಚಿತಾಳ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿತು.

"ತಿಳಿವಲ್ದಾ?" ಶಾಂತಾಬಾಯಿ ಮೊಣಕಾಲು ಹಿಡಿದು ಎದ್ದರು. ಮಾಳಿಗೆಯ ಅಂಚಿನ ಕಟ್ಟೆಯ ತನಕ ಬಂದು ಸೊಂಟದ ಮೇಲೆ ಕೈ ಇಟ್ಟರು. "ಅಗ ಬಾಯಿ! ಕೈ ಒದ್ದಿ ಮಾಡಿ ಮುಟ್ಟು!"

"ಹಿಂಗೇನ್ರಿ?"

"ಹಾಂ. ಅಂಟತದೇನು?"

"ಇಲ್ಲರಿ."

"ಮತ್ತ್ಯಾಕ ನಿಂತಿ? ಆರಿದ್ರ ಕಲ್ಲಾಗ್ತದ! ಏ ಪೋರಿ, ಸೋರ್ಯಾಕ್ಕ ಎಣ್ಣಿ ಹಚ್ಚಿದೇನು? ಲವಕರ್, ಜಲ್ದಿ ಜಲ್ದಿ!"

ಆ ದನಿ ಕೇಳಿ ಪಕ್ಕದ ಮನೆಯ ರೂಪಾ ಕಾಕು ತಮ್ಮ ಮಾಳಿಗೆಗೆ ಬಂದು ಮಮ್ಮಿಯನ್ನು ಕೆಣಕಿದರು. "ಭುವನೇಶ್ವರಿ, ಪಾಳಿ ನಿಂದು. ಚಹಾ ಎಲ್ಲಿ?"

"ಬಶಿದಾಗ ಹಾಕಿ ಒಗೀಲೇನ್ರಿ ವಹಿನಿ?"

"ಒಗಿ, ಮಾಸ್ಕ್ ತೆಗೀತೀನಿ!"

ರುಚಿತಾ ಬಿಸಿ ಹಿಟ್ಟನ್ನು ಒತ್ತಿದಳು. ಎಳೆಗಳು ಹಾಳೆಯ ಮೇಲೆ ಸೊಟ್ಟಗೆ ಬಿದ್ದವು.

"ಗೋಲ್ ಮಾಡ, ಗೋಲ್!" ಶಾಂತಾಬಾಯಿ ಕೂಗಿದರು. "ಏನದು, ಕುರಡಗಿ ಅದೋ, ನಾಸಿಕದ ನಕ್ಷಾ ಅದೋ?"

ಮಮ್ಮಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಲಾಕ್‌ಡೌನ್ ಆದಾಗಿನಿಂದ ರುಚಿತಾ ಆ ನಗು ಕೇಳಿರಲಿಲ್ಲ. ನಗುತ್ತಲೇ ಮಮ್ಮಿ, "ಇದಕ್ಕ ಉಪ್ಪು ಸಾಕೇನ್ರಿ ಬಾಯಿ?" ಎಂದು ಇನ್ನೊಂದು ಪ್ರಶ್ನೆ ಕೇಳಿದಳು.

ಹಾಳೆ ಅರ್ಧ ತುಂಬಿದಾಗ ಮಮ್ಮಿ ಒಂದು ಬಟ್ಟಲಲ್ಲಿ ಬಿಸಿ ಹಿಟ್ಟು ಹಾಕಿ, ಹಾಲು-ಸಕ್ಕರೆ ಸುರಿದು ರುಚಿತಾಗೆ ಕೊಟ್ಟಳು. ತಿನ್ನುತ್ತ ರುಚಿತಾ ಆಚೆ ನೋಡಿದಳು. ಟಾಕಿಯ ನೆರಳಿನ ಕುರ್ಚಿ ಖಾಲಿ ಇತ್ತು. ಶಾಂತಾಬಾಯಿ ಬಿಸಿಲಲ್ಲೇ ನಿಂತು, ಇತ್ತ ಹಾರಿಬಂದ ಕಾಗೆಗೆ ಪೇಪರ್ ಬೀಸುತ್ತಿದ್ದರು. ರುಚಿತಾ ಮಮ್ಮಿಯನ್ನು ನೋಡಿದಳು. ಮತ್ತೆ ಆ ಕುರ್ಚಿಯನ್ನು ನೋಡಿದಳು.

ಮೂಲೆಯಲ್ಲಿ ಅನ್ವಿತಾ ಹಗ್ಗವನ್ನು ಕೈಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

ರುಚಿತಾ ಬಟ್ಟಲು ಕೆಳಗಿಟ್ಟು ಕಟ್ಟೆಯ ಹತ್ತಿರ ಹೋದಳು.

"ಅನ್ವಿತಾ, ಉಲ್ಟಾ ಸ್ಕಿಪ್ಪಿಂಗ್ ಹೆಂಗ ಮಾಡ್ತಾರ? ನನಗ ಬರವಲ್ದು."

ಅನ್ವಿತಾ ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದಳು. ಆಮೇಲೆ ಅವಳ ತುಟಿಯ ಅಂಚು ಅರಳಿತು.

"ಅಷ್ಟೂ ಬರಲ್ಲಾ? ನೋಡ್ಕೋ ಬರೋಬರ್."

ಹಗ್ಗ ಮಾಳಿಗೆಗೆ ಟಪ್ ಟಪ್ ಎಂದು ಬಡಿಯಿತು. ರುಚಿತಾ ಬೆಚ್ಚನೆಯ ಕಟ್ಟೆಯ ಮೇಲೆ ಗದ್ದ ಇಟ್ಟು ನೋಡಿದಳು. ಅನ್ವಿತಾ ಮೊಣಕೈ ತಪ್ಪಾಗಿ ತಿರುಗಿಸುತ್ತಿದ್ದಳು.

ರುಚಿತಾ ಅದನ್ನು ಹೇಳಲಿಲ್ಲ.

"ಇನ್ನೊಮ್ಮೆ ತೋರ್ಸು," ಎಂದಳು.