ಎಡಗಾಲಿನ ಮರಣವಾರ್ತೆ

"ನನ್ನನ್ನ ಸಾಯಿಸಿದ್ದು ನೀನೇನಾ?"

ಮೆಟ್ಟಿಲು ಹತ್ತಿ ಬಂದವನು ಬಾಗಿಲಲ್ಲೇ ನಿಂತು ಕೇಳಿದ. ಜಸೀಲಳ ಕೈಯಲ್ಲಿದ್ದ ಚಹಾದ ಲೋಟ ತುಟಿಯವರೆಗೆ ಬಂದು ಅಲ್ಲೇ ನಿಂತಿತು.

ಬೇಕರಿಯ ಮೇಲಿನ ಒಂದೇ ಕೋಣೆಯ ಸ್ಟುಡಿಯೋ ಅದು. ಚಿನ್ನದಂಗಡಿಯ ಉದ್ಘಾಟನೆಯೋ, ಮದ್ರಸಾದ ವಾರ್ಷಿಕೋತ್ಸವವೋ, ಏಳೇಳು ಜನ ಆಡುವ ಸೆವೆನ್ಸ್ ಫುಟ್‌ಬಾಲ್ ಪಂದ್ಯವೋ, ಸಾವೋ... ಪುಳಿಯಂಪಾಡದಲ್ಲಿ ಏನೇ ಆಗಲಿ, ಜೀಪಿನ ಮೈಕಿನಲ್ಲಿ ಊರಿಗೆ ಸಾರುವುದು ಇಲ್ಲಿ ರೆಕಾರ್ಡಾದ ಜಸೀಲಳ ದನಿ. ಆ ದನಿ ಎಲ್ಲರಿಗೂ ಗೊತ್ತು. ಮುಖ ಗೊತ್ತಿರುವವರು ಕಡಿಮೆ.

ಎದುರಿಗೆ ನಿಂತಿದ್ದವನ ಮುಖ ಮಾತ್ರ ಯಾರಿಗೆ ಗೊತ್ತಿಲ್ಲ? ಪೇಟೆಯ ತುಂಬ ಅವನದೇ ಹನ್ನೆರಡು ಅಡಿ ಎತ್ತರದ ಫ್ಲೆಕ್ಸ್. ಉನೈಸ್. ಯಂಗ್ ಸ್ಟಾರ್ ಪುಳಿಯಂಪಾಡಂ ತಂಡದ ಎಡಗಾಲು, ಕಿರಿಯರೆಲ್ಲ ಗೌರವದಿಂದ 'ಇಕ್ಕ' ಎನ್ನುವವನು.

"ಬೆಳಗ್ಗೆ ಜೀಪಲ್ಲಿ ಬಂತಲ್ಲ ನನ್ನ ಮರಣವಾರ್ತೆ. ಓದಿದ್ದು ಯಾರು?"

"ಅದು... ತಮಾಷೆಗೆ, ಇಕ್ಕ. ಟೀಮು ಸೋತಾಗೆಲ್ಲ ಮಾಡ್ತಾರಲ್ಲ. ನಿಮ್ಮ ಕಾಲು ಸತ್ತಿದೆ ಅಂತ ಓದಿದ್ದು. ನೀವು ಸತ್ತಿದ್ದೀರಿ ಅಂತ ಅಲ್ಲ."

"ಕಾಲಿನ ತನಕ ಕೇಳೋಕೆ ನಮ್ಮುಮ್ಮನಿಗೆ ಎಲ್ಲಿ ಪುರುಸೊತ್ತು ಕೊಟ್ರಿ? 'ದುಃಖದ ಸುದ್ದಿ. ಕಡವತ್ತ್ ಮನೆಯ ಉನೈಸ್, ವಯಸ್ಸು ಮೂವತ್ನಾಲ್ಕು.' ಇಷ್ಟು ಹೇಳಿ ಜೀಪು ಮಸೀದಿ ಕಡೆ ತಿರುಗ್ತು. ನಾನು ಗ್ರೌಂಡಲ್ಲಿ ಓಡ್ತಿದ್ದೆ, ಫೋನು ಮನೇಲಿತ್ತು. ಉಮ್ಮ ಒಲೆ ಮುಂದೇನೇ ಕುಸಿದುಬಿಟ್ಟಿದಾರೆ. ನಾನು ಹೋದಾಗ ಪಕ್ಕದ ಮನೆಯವರು ಅಂಗಳದಲ್ಲಿ ಕುರ್ಚಿ ಹಾಕ್ತಿದ್ರು."

ಜಸೀಲ ಲೋಟ ಕೆಳಗಿಟ್ಟಳು.

"ಈಗ... ಈಗ ಹೇಗಿದಾರೆ?"

"ಎದ್ದು ಕೂತಿದಾರೆ. ಇನ್ನು ಗ್ರೌಂಡಿಗೆ ಕಾಲಿಡಲ್ಲ ಅಂತ ನನ್ನ ಹತ್ರ ಮಾತು ತಗೊಂಡಿದಾರೆ. ನಿನ್ನೆ ಸೋತ್ರೂ ಪಾಯಿಂಟ್ ಲೆಕ್ಕದಲ್ಲಿ ಶುಕ್ರವಾರ ಸೆಮಿಫೈನಲ್ ಸಿಕ್ಕಿದೆ. ಅದೇ ನನ್ನ ಕೊನೇ ಆಟ. ಅದೂ ಹೋಯ್ತು."

ಇಲ್ಲಿ ಅವಳು ತಲೆ ತಗ್ಗಿಸಿ ಕ್ಷಮೆ ಕೇಳಬೇಕಿತ್ತು. ಆದರೆ ಪುಳಿಯಂಪಾಡದ ಹೆಣ್ಣಲ್ಲವೇ... ಇಡೀ ಸೀಸನ್ನಿನ ಸಿಟ್ಟು ಗಂಟಲಿಗೆ ಬಂದು ಕೂತಿತ್ತು.

"ಹೋದ್ರೆ ಹೋಗ್ಲಿ ಬಿಡಿ. ಆ ಕಾಲಿಂದ ಈ ವರ್ಷ ಒಂದಾದ್ರೂ ಗೋಲು ಬಂತಾ? ನಿನ್ನೆ ಪೆನಾಲ್ಟೀನ ತೆಂಗಿನ ಮರಕ್ಕೆ ಹೊಡೆದ್ರಿ. ನಿಮ್ಮ ಹೆಸರು ಉಳಿಸ್ಕೊಳ್ಳೋಕೆ ಊರಿನ ಮಾನ ಯಾಕೆ ಕಳೀತೀರಿ?"

ದನಿ ಏರಿದ್ದೇ ತಡ, ಉನೈಸ್ ಸ್ತಬ್ಧನಾದ. ಬೈಸಿಕೊಂಡವನ ಮುಖವಲ್ಲ ಅದು. ಎಲ್ಲೋ ಕೇಳಿದ್ದನ್ನು ನೆನಪಿಸಿಕೊಳ್ಳುವವನ ಮುಖ.

"ಈ ದನಿ..."

"ಏನು?"

"ಏನಿಲ್ಲ."

ತಿರುಗಿ ಹೊರಟ. ಕಟಾಂಜನ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ. ಎಡಮೊಣಕಾಲು ಮಡಚುತ್ತಲೇ ಇರಲಿಲ್ಲ. ಅದನ್ನು ಜಸೀಲ ಮೇಲಿನಿಂದ ನೋಡಿದಳು. ನೋಡಬಾರದಿತ್ತು ಅನ್ನಿಸಿತು.

ಅವಳ ಸಿಟ್ಟಿಗೂ ಕಾರಣವಿತ್ತು. ಒಂದೇ ಸೀಸನ್ನಿನಲ್ಲಿ ಮೂವರು ಕೋಚುಗಳು. ಮೊದಲನೆಯವನು ಕೊಚ್ಚಿಯಿಂದ ದಪ್ಪ ನೋಟ್‌ಬುಕ್ ಹಿಡಿದು ಬಂದ. ಎರಡನೆಯವನು ತೃಶೂರಿನಿಂದ ಬರೀ ಸೀಟಿ ಹಿಡಿದು ಬಂದ. ಈಗಿರುವುದು ಚಂದ್ರನ್ ಮಾಷ್, ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರಾದವರು. ಮೂವರದೂ ಒಂದೇ ಆಟ. ಉನೈಸ್‌ನನ್ನು ಮುಂದೆ ನಿಲ್ಲಿಸು, ಚೆಂಡನ್ನೆಲ್ಲ ಅವನ ಕಾಲಿಗೆ ಕಳಿಸು, ಅವನು ಗೋಲು ಹೊಡೆಯುತ್ತಾನೆಂದು ಕಾಯುತ್ತ ಕೂರು. ಕಾದು ಕಾದು ಊರಿನ ಪಿತ್ತ ನೆತ್ತಿಗೇರಿತ್ತು. "ಇವ್ನು ಕೋಚುಗಳನ್ನ ಮುಷ್ಟೀಲಿ ಇಟ್ಕೊಂಡಿದಾನೆ, ಅದಕ್ಕೇ ಜಾಗ ಬಿಡ್ತಿಲ್ಲ" ಎಂದು ಚಹಾದಂಗಡಿಯಲ್ಲಿ ಮಾತು ಹುಟ್ಟಿತು. ಜಸೀಲಳೂ ಅದನ್ನೇ ನಂಬಿದಳು.

ಇನ್ನೊಂದು ವಿಷಯವಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅವಳ ಮನೆ ಇರುವುದು ಗ್ರೌಂಡಿನ ಕೆರೆ ಕಡೆಯ ಗೋಲಿನ ಹಿಂದೆ. ಗ್ಯಾಲರಿಗೆ ಹೆಣ್ಣುಮಕ್ಕಳು ಹೋಗುತ್ತಿರಲಿಲ್ಲ. ಹದಿನೈದನೇ ವಯಸ್ಸಿನಿಂದ ಅವಳು ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಅಡಗಿ ನಿಂತು ಕೂಗುತ್ತಿದ್ದಳು. "ಎಡಗಾಲಲ್ಲಿ ಹೊಡೀ ಇಕ್ಕಾ..." ಹನ್ನೆರಡು ವರ್ಷ. ಬಂದ ಸಂಬಂಧಗಳನ್ನೆಲ್ಲ ಒಂದೊಂದು ನೆಪ ಹೇಳಿ ವಾಪಸು ಕಳಿಸಿದ್ದಳು. ನಿಜವಾದ ಕಾರಣ ಟ್ಯಾಂಕಿಗೆ ಮಾತ್ರ ಗೊತ್ತಿತ್ತು.

ಈ ವರ್ಷ ಅವಳಿಗೆ ಕೂಗಲು ಬಾಯಿ ಬರಲಿಲ್ಲ. ಅವನು ಎಡವುವುದನ್ನು ನೋಡಲಾಗದೆ ಒಳಗೆ ಹೋಗಿ ಕೂರುತ್ತಿದ್ದಳು. ಪೆನಾಲ್ಟಿ ತೆಂಗಿನ ಮರಕ್ಕೆ ಹೋದ ಸಂಜೆ ಚೆನ್ನಾಗಿ ಅತ್ತಳು. ಆಮೇಲೆ ಜೀಪಿನ ಸೈದಲವಿ ಫೋನ್ ಮಾಡಿ, "ಒಂದು ಮರಣವಾರ್ತೆ ಮಾಡೋಣ್ವಾ?" ಎಂದಾಗ ಅತ್ತ ಕಣ್ಣಲ್ಲೇ ತಾನೇ ಕೂತು ಬರೆದಳು. 'ಅವರ ಎಡಗಾಲು ನಿನ್ನೆ ಸಂಜೆ ಗೋಲಿನ ಎದುರು ನಿಧನವಾಯಿತು. ಮೂವರು ಕೋಚುಗಳನ್ನು ಅಗಲಿದೆ.' ಸತ್ತವರಿಗೆ ಓದುವ ಅದೇ ದನಿಯಲ್ಲಿ ಓದಿದಳು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಉನೈಸ್ ಬಂದು ಹೋದ ರಾತ್ರಿ ಅವಳಿಗೆ ಕಣ್ಣು ಹತ್ತಲಿಲ್ಲ. ಮಗನ ಸಾವು ಕೇಳಿಸಿಕೊಂಡ ಆ ತಾಯಿ... ಬೆಳಗಾಗುತ್ತಲೇ ಕಡವತ್ತ್ ಮನೆಗೆ ಹೊರಟಳು.

ಬೀಪಾತು ಉಮ್ಮ ಜಗಲಿಯಲ್ಲಿ ಜಪಮಾಲೆ ಹಿಡಿದು ಕೂತಿದ್ದರು. ಜಸೀಲ ಸಲಾಂ ಹೇಳಿದ್ದೇ ತಡ, ಮಾಲೆ ಕೈಯಿಂದ ಜಾರಿತು.

"ಯಾ ರಬ್ಬೇ... ಇದೇ ದನಿ."

"ತಪ್ಪಾಯ್ತು ಉಮ್ಮಾ." ಜಸೀಲ ಅವರ ಕಾಲ ಬಳಿ ಕೂತುಬಿಟ್ಟಳು. "ನನ್ನ ಬುದ್ಧಿಗೆ ಏನಾಗಿತ್ತೋ..."

ಮುದುಕಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಮೂರು ವರ್ಷದ ಹಿಂದೆ ಇವನ ಉಪ್ಪ, ನಮ್ಮನೆಯವರು, ಹೋದಾಗ್ಲೂ ನೀನೇ ಓದಿದ್ದು ಮಗಳೇ. ಎಷ್ಟು ಮರ್ಯಾದೆಯಿಂದ ಓದಿದ್ದೆ. ಅವತ್ತಿಂದ ಆ ದನಿ ಸುಳ್ಳು ಹೇಳಲ್ಲ ಅಂತ ನಂಬಿದ್ದೆ. ಮಗ ಬಂದು ಕಣ್ಣೆದುರಿಗೆ ನಿಂತ್ರೂ ಇವನು ನಿಜವಾಗ್ಲೂ ಇದಾನಾ ಅಂತ ಮುಟ್ಟಿ ಮುಟ್ಟಿ ನೋಡಿದೀನಿ."

ಜಸೀಲಳಿಗೆ ಅಳು ತಡೆಯಲಾಗಲಿಲ್ಲ.

"ಏನು ಮಾಡ್ಲಿ ಹೇಳಿ ಉಮ್ಮಾ. ಏನು ಬೇಕಾದ್ರೂ ಮಾಡ್ತೀನಿ. ಅವರನ್ನ ಆಡೋಕೆ ಬಿಡಿ."

"ಸತ್ತ ಅಂತ ಹೇಳಿದ ಬಾಯೇ ಬದುಕಿದಾನೆ ಅಂತ ಹೇಳ್ಬೇಕು. ಊರಿಗೆಲ್ಲ ಕೇಳೋ ಹಾಗೆ. ಅಲ್ಲಿ ತನಕ ನನ್ನ ಎದೆ ಒಪ್ಪಲ್ಲ." ಮಾಲೆ ಎತ್ತಿಕೊಂಡು ಉಮ್ಮ ಮುಂದುವರಿಸಿದರು. "ಮತ್ತೆ, ನೀವೆಲ್ಲ ಬೈತೀರಲ್ಲ... ಮುಂದೆ ನಿಲ್ಲೋಕೆ ಅವನಿಗೇನು ಹುಚ್ಚಾ? ಮೊಣಕಾಲಲ್ಲಿ ಏನೂ ಉಳಿದಿಲ್ಲ. ಮೂರು ಕೋಚುಗಳ ಹತ್ರಾನೂ ಅಂಗಲಾಚಿದ. ನನ್ನನ್ನ ಹಿಂದೆ ಹಾಕಿ, ಚೆಂಡು ತಡೆದು ಬೇರೆಯವರಿಗೆ ಕೊಡ್ತೀನಿ ಅಂದ. ಗ್ಯಾಲರಿ ತುಂಬೋಕೆ ನಿನ್ನ ಎಡಗಾಲೇ ಬೇಕು ಅಂದ್ರು ಎಲ್ಲರೂ."

"ಉಮ್ಮಾ, ಸಾಕು." ಒಳಗಿನಿಂದ ಉನೈಸ್ ಬಂದ. ಮೊಣಕಾಲಿಗೆ ತೈಲದ ಬಟ್ಟೆ ಸುತ್ತಿತ್ತು.

ಜಸೀಲ ಎದ್ದು ನಿಂತಳು. "ಯಾಕೆ ಯಾರಿಗೂ ಹೇಳ್ಲಿಲ್ಲ ನೀವು?"

"ಏನಂತ ಹೇಳ್ಲಿ? ಗೋಲು ತಪ್ಪಿಸಿದವನು ಕೋಚ್ ಮೇಲೆ ಗೂಬೆ ಕೂರಿಸ್ತಿದಾನೆ ಅಂತೀರಿ. ಹೊಡೆದಿದ್ದು ನನ್ನ ಕಾಲೇ ಅಲ್ವಾ." ಮೊಣಕಾಲಿನ ಬಟ್ಟೆ ಬಿಗಿಯುತ್ತ ಸೇರಿಸಿದ. "ನೀನು ಓದಿದ್ದರಲ್ಲಿ ತಪ್ಪೇನಿಲ್ಲ. ಅದು ಸತ್ತೇ ಹೋಗಿದೆ."

ಆ ಮಾತು ಅವಳ ಎದೆಗೆ ಇರಿಯಿತು. 'ಇವರಿಗೆ ಏನು ಮಾಡಿಬಿಟ್ಟೆ ನಾನು...'

ಗುರುವಾರ ಬೆಳಗ್ಗೆ ಸೈದಲವಿ ಸ್ಟುಡಿಯೋ ಮುಂದೆ ಜೀಪು ನಿಲ್ಲಿಸಿ ಕೈ ಚಾಚಿದ.

"ಪೆನ್‌ಡ್ರೈವ್ ಕೊಡು."

"ಇವತ್ತು ಪೆನ್‌ಡ್ರೈವ್ ಇಲ್ಲ. ನಾನೇ ಕೂರ್ತೀನಿ."

"ಏನು, ತಲೆಗಿಲೆ ಕೆಟ್ಟಿದೆಯಾ? ನಿಮ್ಮುಪ್ಪ ಪೇಟೇಲೇ ಇದಾರೆ, ಕ್ಷೌರದಂಗಡೀಲಿ."

"ಇರ್ಲಿ. ಅವರೂ ಕೇಳ್ಲಿ."

ಹಾಡುಹಗಲಲ್ಲಿ, ಮುಖ ಕಾಣುವ ಹಾಗೆ ಮುಂದಿನ ಸೀಟಿನಲ್ಲಿ ಕೂತು ಮೈಕು ಹಿಡಿದಳು. ಮೀನಿನಂಗಡಿಯ ಮುಂದೆ ಒಮ್ಮೆ, ಮಸೀದಿಯ ತಿರುವಿನಲ್ಲಿ ಒಮ್ಮೆ ಹೇಳಿದಳು. ಕೊನೆಗೆ ಕಡವತ್ತ್ ಮನೆಯ ಮುಂದೆ ಜೀಪು ನಿಲ್ಲಿಸಿ, ಎಂಜಿನ್ನೂ ಆರಿಸಲು ಹೇಳಿ ಮತ್ತೊಮ್ಮೆ.

"ಸಂತೋಷದ ಸುದ್ದಿ. ಕಡವತ್ತ್ ಮನೆಯ ಉನೈಸ್, ವಯಸ್ಸು ಮೂವತ್ನಾಲ್ಕು, ಬದುಕಿದ್ದಾರೆ. ಮೊನ್ನೆ ಆ ವಾರ್ತೆ ಬರೆದವಳು, ಓದಿದವಳು ಇಬ್ಬರೂ ನಾನೇ. ನನ್ನ ಹೆಸರು ಜಸೀಲ. ಕೆರೆ ಕಡೆಯ ಗೋಲಿನ ಹಿಂದಿನ ಮನೆ. ತಾರಸಿಯಿಂದ ಎಡಗಾಲಲ್ಲಿ ಹೊಡೀರಿ ಅಂತ ಹನ್ನೆರಡು ವರ್ಷ ಕೂಗಿದವಳೂ ನಾನೇ. ಆ ಕಾಲು ನಮಗೋಸ್ಕರ ಹೊಡೆದು ಹೊಡೆದು ಸವೆದಿದೆ. ಅವರು ತಮ್ಮನ್ನು ಹಿಂದೆ ಆಡಿಸಿ ಅಂತ ಕೇಳಿಕೊಂಡರೂ ಯಾವ ಕೋಚೂ ಒಪ್ಪಲಿಲ್ಲ. ಚಂದ್ರನ್ ಮಾಷ್, ನಾಳೆ ಅವರನ್ನು ಹಿಂದೆ ನಿಲ್ಲಿಸಿ. ಗ್ಯಾಲರಿ ತುಂಬುವ ಚಿಂತೆ ನಮಗೆ ಬಿಡಿ."

ಉಮ್ಮ ಜಗಲಿಯಲ್ಲಿ ಎರಡೂ ಕೈ ಎತ್ತಿದರು. ಉನೈಸ್ ಗೇಟಿನ ತನಕ ಬಂದ. ಅವಳನ್ನು ನೋಡಿದ... ತುಟಿ ಅಲುಗಿತು. ಗೇಟು ಹಾಕಿಕೊಂಡು ಒಳಗೆ ಹೋದ.

'ಕ್ಷಮಿಸಿದರಾ? ಇಲ್ಲವಾ? ಒಂದು ಮಾತು ಬೈದಾದರೂ ಹೋಗಬಾರದಿತ್ತಾ?'

ಮನೆಯಲ್ಲಿ ಉಪ್ಪ ಅರ್ಧ ಬೋಳಿಸಿದ ಗಡ್ಡದಲ್ಲೇ ಕಾಯುತ್ತ ನಿಂತಿದ್ದರು. ಅವಳನ್ನು ಬಹಳ ಹೊತ್ತು ನೋಡಿದರು. "ಹನ್ನೆರಡು ವರ್ಷ ಕೂಗಿದ್ದು ನೀನಾ? ನಾನು ಪಕ್ಕದ ಮನೆಯವಳು ಅಂದ್ಕೊಂಡಿದ್ದೆ" ಎಂದಷ್ಟೇ ಹೇಳಿ ಉಳಿದರ್ಧ ಬೋಳಿಸಿಕೊಳ್ಳಲು ಹೋದರು.

ಶುಕ್ರವಾರ ಗ್ಯಾಲರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಹಾದಂಗಡಿಯಲ್ಲಿ ಒಂದು ದಿನವಿಡೀ ಬೈಸಿಕೊಂಡ ಮಾಷ್, ಉನೈಸ್‌ನನ್ನು ಕೆರೆ ಕಡೆಯ ಗೋಲಿನ ಮುಂದೆ ಕಾವಲಿಗೆ ನಿಲ್ಲಿಸಿದ್ದರು. ಅವಳ ತಾರಸಿಯ ನೇರ ಕೆಳಗೆ.

ಜಸೀಲ ಟ್ಯಾಂಕಿನ ಹಿಂದೆ ನಿಲ್ಲಲಿಲ್ಲ. ಮುಂದೆಯೇ ನಿಂತಳು.

ಅವನು ಓಡಲಿಲ್ಲ. ಓಡುವ ಅಗತ್ಯವೇ ಬೀಳಲಿಲ್ಲ. ಎದುರಾಳಿ ಎಲ್ಲಿಗೆ ಬರುತ್ತಾನೋ ಅಲ್ಲಿ ಮೊದಲೇ ನಿಂತಿರುತ್ತಿದ್ದ. ಒಮ್ಮೆ ಚೆಂಡು ಕಿತ್ತುಕೊಂಡು ತಲೆ ಎತ್ತಿದಾಗ ಗ್ಯಾಲರಿ ಹಳೇ ಚಾಳಿಗೆ ಬಿತ್ತು.

"ಹೊಡೀ, ಹೊಡೀ, ಹೊಡೀ!"

ಅವನ ಎಡಗಾಲು ಹಿಂದಕ್ಕೆ ಹೋಯಿತು. ಈ ವರ್ಷ ಮೊದಲ ಬಾರಿಗೆ ಜಸೀಲಳ ಗಂಟಲು ತೆರೆಯಿತು.

"ಹೊಡೀಬೇಡಿ ಇಕ್ಕಾ... ಇಮ್ಯಾನುವೆಲ್‌ಗೆ ಕೊಡಿ!"

ಕಾಲು ಅರ್ಧದಲ್ಲೇ ಮೆತ್ತಗಾಯಿತು. ಚೆಂಡು ಮೂವರ ನಡುವೆ ನುಸುಳಿ ನೈಜೀರಿಯಾದ ಇಮ್ಯಾನುವೆಲ್‌ನ ಕಾಲಿಗೆ ಹೋಯಿತು. ಗೋಲು.

ಗೆದ್ದರು ಎಂದು ಬರೆಯಲು ನನಗೂ ಆಸೆ. ಆದರೆ ನಮ್ಮ ತಂಡವಲ್ಲವೇ... ಕೊನೆಯ ಎರಡು ನಿಮಿಷದಲ್ಲಿ ಮಾಷ್ ಸುಮ್ಮನಿರಲಾರದೆ ಉನೈಸ್‌ನನ್ನು ಮತ್ತೆ ಮುಂದಕ್ಕೆ ಕಳಿಸಿದರು. ಹಿಂದೆ ಖಾಲಿಯಾದ ಜಾಗದಲ್ಲಿ ಗೋಲು ಬಿತ್ತು. ಪೆನಾಲ್ಟಿಯಲ್ಲಿ ಸೋತರು. ಮಾಷ್‌ರ ಮೇಲೆ ಬೈಗುಳದ ಮಳೆಯೇ ಸುರಿಯಿತು. ಆದರೆ ಉನೈಸ್ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಹೊರಟಾಗ ಇಡೀ ಗ್ಯಾಲರಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವನು ಗ್ಯಾಲರಿ ಕಡೆ ಕೈ ಬೀಸಿದ. ತಾರಸಿಯ ಕಡೆ ತಿರುಗಿ ಒಂದು ಗಳಿಗೆ ನಿಂತ. ಅಷ್ಟರಲ್ಲಿ ಕತ್ತಲಾಗಿತ್ತು, ಅವನ ಮುಖ ಕಾಣಲಿಲ್ಲ.

ಶನಿವಾರ ಬೆಳಗ್ಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಒಂದೊಂದೇ, ನಿಧಾನಕ್ಕೆ. ಜಸೀಲಳ ಎದೆ ಆ ಹೆಜ್ಜೆಗಳನ್ನು ಎಣಿಸಿತು.

ಉನೈಸ್ ಒಂದು ಕಾಗದ ಮುಂದಿಟ್ಟ.

"ಅನೌನ್ಸ್‌ಮೆಂಟ್ ಇದೆ. ಓದು."

ಅವಳು ಓದಿದಳು. "ಸಂತೋಷದ ಸುದ್ದಿ. ಕಡವತ್ತ್ ಮನೆಯ ಉನೈಸ್ ಆಟ ನಿಲ್ಲಿಸಿದ್ದಾನೆ. ಇಷ್ಟು ವರ್ಷ ಬೈದವರಿಗೂ ಹೊಗಳಿದವರಿಗೂ ಸಲಾಂ." ಅಲ್ಲಿಗೆ ನಿಂತಳು. "ಕೆಳಗಿನ ಸಾಲು ಖಾಲಿ ಬಿಟ್ಟಿದ್ದೀರಲ್ಲ?"

"ಅದನ್ನ ನೀನು ಬರೀಬೇಕು."

"ಏನಂತ?"

ಅವನು ಸ್ಟೂಲಿನ ಮೇಲೆ ಕೂತು ಕಾಲು ನೀಡಿದ. ಹೇಳಲೋ ಬೇಡವೋ ಎಂದು ಬೂಟಿನ ಧೂಳು ಒರೆಸಿದ.

"ಟಾಸ್ ಗೆದ್ದಾಗೆಲ್ಲ ನಾನು ಕೆರೆ ಕಡೆಯ ಗೋಲಿಗೆ ಹೊಡೆಯೋದನ್ನೇ ಕೇಳ್ತಿದ್ದೆ. ಯಾಕೆ ಅಂತ ಯಾವ ಕೋಚಿಗೂ ಅರ್ಥ ಆಗ್ಲಿಲ್ಲ. ಅಲ್ಲೊಂದು ದನಿ ಇತ್ತು. ಮುಖ ನೋಡಿರ್ಲಿಲ್ಲ. ಈ ವರ್ಷ ಅದು ನಿಂತೋಯ್ತು. ಗ್ಯಾಲರಿ ಬೈದಾಗ ನಂಗೇನೂ ಆಗ್ಲಿಲ್ಲ ಜಸೀಲ. ಆ ತಾರಸಿ ಸುಮ್ಮನಾಯ್ತಲ್ಲ... ನನ್ನ ಕಾಲು ಸತ್ತಿದ್ದು ಅವತ್ತು."

ಜಸೀಲಳ ಕಣ್ಣಿಂದ ನೀರು ಕಾಗದದ ಮೇಲೆ ಬಿತ್ತು. ಒರೆಸಲು ಹೋಗಿ ಅಕ್ಷರವನ್ನೇ ಹರಡಿಬಿಟ್ಟಳು.

"ನೋಡೋಕಾಗ್ದೆ ಒಳಗೆ ಹೋಗ್ತಿದ್ದೆ, ಇಕ್ಕ. ಬೇಡವಾಗಿ ಅಲ್ಲ. ಇಷ್ಟಪಟ್ಟು... ಇಷ್ಟಪಟ್ಟೇ ಸಾಯ್ತಿದ್ದೆ."

"ಗೊತ್ತಾಯ್ತು. ಹೊಡೀಬೇಡಿ ಅಂತ ನೀನೊಬ್ಬಳೇ ಕೂಗಿದ್ದು. ಎಲ್ಲರಿಗೂ ನನ್ನ ಕಾಲು ಬೇಕಿತ್ತು." ಅವನು ಪೆನ್ನು ಅವಳ ಕಡೆ ಸರಿಸಿದ. "ಸಂಜೆ ಉಮ್ಮ ನಿಮ್ಮುಪ್ಪನ ಹತ್ರ ಸಂಬಂಧ ಕೇಳೋಕೆ ಬರ್ತಾರೆ. ನೀನು ಬರೆದ್ರೆ ಮಾತ್ರ."

ಅವಳು ಬಾಗಿ ಖಾಲಿ ಸಾಲಿನಲ್ಲಿ ಬರೆದಳು. ಬರೆದದ್ದನ್ನು ಅವನ ಕಡೆ ತಿರುಗಿಸಿದಳು. ತನ್ನ ಹೆಸರಿನ ಪಕ್ಕ ಅವಳ ಹೆಸರನ್ನು ಉನೈಸ್ ಎರಡೆರಡು ಸಲ ಓದಿದ.

"ಒಂದೇ ಒಂದು ಮಾತು," ಎಂದ ಆಮೇಲೆ. "ನಮ್ಮನೆ ಮುಂದೆ ಜೀಪು ನಿಲ್ಲಿಸಿ ಪೂರ್ತಿ ಓದ್ಬೇಕು. ಉಮ್ಮ ಈ ಸಲವೂ ಅರ್ಧ ಕೇಳಿಸ್ಕೊಂಡ್ರೆ ಕಷ್ಟ."

ಜಸೀಲ ಕಣ್ಣೊರೆಸಿಕೊಂಡು ನಕ್ಕಳು.

"ಇನ್ನು ಅರ್ಧಕ್ಕೆ ನಿಲ್ಲಿಸಲ್ಲ, ಇಕ್ಕ."